ಮೀನಿನ ಕೊಂಬು ಎಲ್ಲಿ ಹೋಯಿತು?

ಶತಪಥ ಬ್ರಾಹ್ಮಣದಲ್ಲಿ ಮನುವಿಗೆ ಮೀನು ಸಿಗುವುದು ಹೊಳೆಯಲ್ಲೂ ಅಲ್ಲ, ಕಡಲಲ್ಲೂ ಅಲ್ಲ. ಬೆಳಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ. ಬೊಗಸೆಗೆ ಬಂದ ಆ ಮರಿ ಮೀನು ತನ್ನನ್ನು ಸಾಕಿದರೆ ಮುಂದೊಂದು ದಿನ ಅವನನ್ನು ಕಾಪಾಡುವುದಾಗಿ ಮಾತು ಕೊಡುತ್ತದೆ. ಸಾಕುವ ಬಗೆಯನ್ನೂ ಅದೇ ಹೇಳಿಕೊಡುತ್ತದೆ. ಚಿಕ್ಕದಿದ್ದಾಗ ದೊಡ್ಡ ಮೀನುಗಳು ನುಂಗಿಬಿಡುತ್ತವೆ, ಹಾಗಾಗಿ ಮೊದಲು ಗಡಿಗೆ, ಗಡಿಗೆ ಸಾಲದಾದಾಗ ಒಂದು ಗುಂಡಿ, ಅದೂ ಸಾಲದಾದಾಗ ಕಡಲು. ಮನು ಹಾಗೆಯೇ ಮಾಡುತ್ತಾನೆ. ಪ್ರಳಯ ಬಂದಾಗ ಅವನ ಹಡಗಿನ ಹಗ್ಗವನ್ನು ಕಟ್ಟಿಸಿಕೊಂಡು ಉತ್ತರದ ಬೆಟ್ಟದವರೆಗೆ ಎಳೆದೊಯ್ಯುವುದು ಅದೇ ಮೀನು. ಹಗ್ಗ ಕಟ್ಟಿದ್ದು ಅದರ ಕೊಂಬಿಗೆ.

ಮೀನಿಗೆ ಕೊಂಬು! ಕತೆ ಓದುವಾಗ ಯಾರೂ ಇದನ್ನು ಕೇಳುವುದಿಲ್ಲ. ಹಡಗು ಎಳೆಯಬೇಕಾದರೆ ಹಗ್ಗ ಸಿಕ್ಕಿಸಲು ಏನಾದರೂ ಬೇಕಲ್ಲ, ಅದಕ್ಕೆ ಕೊಂಬು. ಕತೆಗಾರನಿಗೆ ಅದು ಅಗತ್ಯ ಬಿದ್ದಿತ್ತು, ಇಟ್ಟುಕೊಂಡ. ಶತಪಥದಲ್ಲಿ ಆ ಮೀನು ಯಾವ ದೇವರೂ ಅಲ್ಲ. ಕೆಲಸ ಮುಗಿಸಿ ಕತೆಯಿಂದ ಹೊರಟುಹೋಗುತ್ತದೆ. ಮಹಾಭಾರತದ ವನಪರ್ವಕ್ಕೆ ಬರುವ ಹೊತ್ತಿಗೆ ಅದು ಬಾಯಿಬಿಟ್ಟು ತಾನು ಬ್ರಹ್ಮ ಎನ್ನುತ್ತದೆ. ಗಡಿಗೆ, ಕೊಳ, ಗಂಗೆ, ಕಡಲು ಎಂದು ಸಾಕುವ ಮೆಟ್ಟಿಲುಗಳೂ ಅಲ್ಲಿ ಹೆಚ್ಚುತ್ತವೆ. ಹಡಗಿನಲ್ಲಿ ಸಪ್ತರ್ಷಿಗಳಿಗೂ ಬಗೆಬಗೆಯ ಬೀಜಗಳಿಗೂ ಜಾಗ ಸಿಗುತ್ತದೆ. ಮತ್ಸ್ಯಪುರಾಣದಲ್ಲಿ ಮೀನು ವಿಷ್ಣುವಾಗುತ್ತದೆ. ಭಾಗವತದ ಎಂಟನೆಯ ಸ್ಕಂಧದಲ್ಲಿ ಕತೆ ದಕ್ಷಿಣಕ್ಕೆ ಇಳಿಯುತ್ತದೆ: ಸಾಕಿದವನು ದ್ರವಿಡದ ದೊರೆ ಸತ್ಯವ್ರತ, ಸಿಕ್ಕಿದ್ದು ಕೃತಮಾಲಾ ನದಿಯಲ್ಲಿ, ಹಗ್ಗವಾಗಿ ಬಂದವನು ವಾಸುಕಿ. ದೇವರು ಬದಲಾದ, ದೊರೆ ಬದಲಾದ, ನದಿ ಬದಲಾಯಿತು. ಕೊಂಬು ಮಾತ್ರ ಅಲ್ಲೇ ಇತ್ತು.

ಆದರೆ ಆಂಧ್ರದ ಕೊಂಡಪಲ್ಲಿಯಲ್ಲಿ ಮರದಿಂದ ಮಾಡುವ ಮತ್ಸ್ಯಾವತಾರದ ಗೊಂಬೆಗೆ ಕೊಂಬಿಲ್ಲ. ಸೊಂಟದಿಂದ ಕೆಳಗೆ ಹುರುಪೆಯಿರುವ ಮೀನು. ಮೇಲೆ ಕಿರೀಟ, ನಾಮ, ನಾಲ್ಕು ಕೈ, ಎರಡರಲ್ಲಿ ಶಂಖಚಕ್ರ. ಓದಿದ ಮೀನಿಗೂ ಕಂಡ ಮೀನಿಗೂ ಇಷ್ಟು ಅಂತರ ಏಕೆ ಎನ್ನುವುದೇ ನನ್ನ ಹುಡುಕಾಟದ ಮೊದಲ ಪ್ರಶ್ನೆ. ಅದು ಕೊನೆಗೆ ಜಪಾನಿನ ಒಂದು ವಿಡಿಯೊ ಗೇಮಿನ ಕೆಂಪು ಮೀನಿನವರೆಗೆ ನನ್ನನ್ನು ಎಳೆದೊಯ್ಯುತ್ತದೆಂದು ಆಗ ಎಣಿಸಿರಲಿಲ್ಲ.

ಗ್ರಂಥಾಲಯದಿಂದಲೇ ಶುರು ಮಾಡಿದೆ. ಅಗ್ನಿಪುರಾಣದ ನಲವತ್ತೊಂಬತ್ತನೆಯ ಅಧ್ಯಾಯ ದಶಾವತಾರದ ಪ್ರತಿಮೆಗಳು ಹೇಗಿರಬೇಕೆಂದು ಹೇಳುತ್ತದೆ. ಮತ್ಸ್ಯದ ವಿಷಯದಲ್ಲಿ ಅದಕ್ಕೆ ಹೆಚ್ಚು ಮಾತಿಲ್ಲ: ಮತ್ಸ್ಯ ಮೀನಿನ ಆಕಾರದಲ್ಲಿರಲಿ, ಕೂರ್ಮ ಆಮೆಯ ಆಕಾರದಲ್ಲಿರಲಿ, ಅಷ್ಟೆ. ವರಾಹನಿಗೆ ಬಂದಾಗ ಮಾತ್ರ ವಿವರಗಳು ಧಾರಾಳವಾಗುತ್ತವೆ. ಅಂದರೆ ಆ ಕಾಲದ ಶಿಲ್ಪಿಗೆ ಮೊದಲ ಎರಡು ಅವತಾರಗಳು ಒಂದು ಮೀನು, ಒಂದು ಆಮೆ. ಬೇಲೂರಿನ ಚೆನ್ನಕೇಶವನ ಪ್ರಭಾವಳಿಯಲ್ಲಿ, ಸೋಮನಾಥಪುರದ ಮೂರ್ತಿಗಳ ಸುತ್ತ ಹೊಯ್ಸಳ ಶಿಲ್ಪಿಗಳು ಹತ್ತು ಅವತಾರಗಳನ್ನು ಬೆರಳುದ್ದದ ಜಾಗದಲ್ಲಿ ಹೆಣೆದಿದ್ದಾರೆ. ಹೊಯ್ಸಳ ಪ್ರಭಾವಳಿಗಳಲ್ಲಿ ನಾನು ನೋಡಿದ ಮಟ್ಟಿಗೆ ಮತ್ಸ್ಯ ಬಹುಪಾಲು ಬರೀ ಮೀನೇ. ಅಷ್ಟು ಚಿಕ್ಕ ಜಾಗದಲ್ಲಿ ಮೀನು ಕೊರೆಯುವುದು ಸುಲಭ, ಗುರುತಿಸುವುದೂ ಸುಲಭ. (ಬಾದಾಮಿಯ ಎರಡನೆಯ ಗುಹೆಯ ಚಾವಣಿಯಲ್ಲಿ ಹದಿನಾರು ಮೀನುಗಳೇ ಅರಗಳಾಗಿರುವ ಒಂದು ಚಕ್ರವಿದೆ. ಅದು ಅವತಾರವಲ್ಲ, ಅಲಂಕಾರ. ಆದರೂ ಪ್ರತಿ ಸಲ ಅದರ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಲ್ಲುತ್ತೇನೆ.)

ಅರ್ಧ ಮನುಷ್ಯ ಅರ್ಧ ಮೀನಿನ ಲಕ್ಷಣ ನನಗೆ ಅಚ್ಚುಕಟ್ಟಾಗಿ ಸಿಕ್ಕಿದ್ದು ಟಿ. ಎ. ಗೋಪೀನಾಥ ರಾವ್ ಅವರ ಪುಸ್ತಕದಲ್ಲಿ. ತಿರುವಾಂಕೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿದ್ದ ಅವರು ಹಿಂದೂ ಮೂರ್ತಿಶಿಲ್ಪದ ಲಕ್ಷಣಗಳನ್ನು ಆಗಮ, ಪುರಾಣ, ಶಿಲ್ಪಶಾಸ್ತ್ರಗಳಿಂದ ಒಂದೊಂದಾಗಿ ಹೆಕ್ಕಿ ಜೋಡಿಸಿದ ಗ್ರಂಥ 1914ರಲ್ಲಿ ಮದರಾಸಿನಿಂದ ಹೊರಬಂತು. ಮತ್ಸ್ಯವನ್ನು ಎರಡು ರೀತಿಯಲ್ಲಿ ಮಾಡಬಹುದು ಎನ್ನುತ್ತಾರೆ ಅವರು: ಬರೀ ಮೀನಾಗಿ, ಇಲ್ಲವೇ ಮೇಲರ್ಧ ಮನುಷ್ಯ ಕೆಳಗರ್ಧ ಮೀನಾಗಿ. ಎರಡನೆಯದಕ್ಕೆ ನಾಲ್ಕು ಕೈಗಳು; ಎರಡರಲ್ಲಿ ಶಂಖ ಚಕ್ರ, ಉಳಿದೆರಡು ವರದ ಮತ್ತು ಅಭಯ; ತಲೆಗೆ ಕಿರೀಟ. ಕೊಂಡಪಲ್ಲಿಯ ಗೊಂಬೆಯ ವರ್ಣನೆಯನ್ನೇ ಓದಿದಂತಾಯಿತು.

ಕಲ್ಲಿನಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಬೇಕಾದರೆ ಆಂಧ್ರದ ದಕ್ಷಿಣ ತುದಿಗೆ ಹೋಗಬೇಕು. ಈಗ ತಿರುಪತಿ ಜಿಲ್ಲೆಗೆ ಸೇರಿರುವ ನಾಗಲಾಪುರದ ವೇದನಾರಾಯಣ ಸ್ವಾಮಿ ದೇವಸ್ಥಾನದಲ್ಲಿ ಮೂಲಮೂರ್ತಿಯೇ ಮತ್ಸ್ಯಾವತಾರ. ಶ್ರೀದೇವಿ ಭೂದೇವಿಯರ ನಡುವೆ ನಿಂತ ವಿಷ್ಣುವಿನ ಕೆಳಭಾಗ ಮೀನು. ಕೃಷ್ಣದೇವರಾಯ ತನ್ನ ತಾಯಿ ನಾಗಲಾದೇವಿಯ ಹೆಸರಿನಲ್ಲಿ ಬೆಳೆಸಿದ ಊರು ಅದು. ಫಾಲ್ಗುಣದ ಕೆಲವು ದಿನ ಸಂಜೆಯ ಬಿಸಿಲು ನೇರವಾಗಿ ಗರ್ಭಗುಡಿ ಹೊಕ್ಕು ಮೂರ್ತಿಯ ಮೇಲೆ ಬೀಳುತ್ತದೆ. ಆಗ ಅಲ್ಲಿ ಸೂರ್ಯಪೂಜೆಯ ಉತ್ಸವ.

ಇದೇ ಕೃಷ್ಣದೇವರಾಯ ಗಜಪತಿಗಳ ಮೇಲೆ ದಂಡೆತ್ತಿ ಹೋದಾಗ 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು ವಶವಾದವು. ಆಮೇಲೆ ಮುತ್ತಿಗೆ ಹಾಕಿದ್ದು ಕೊಂಡಪಲ್ಲಿಯ ಕೋಟೆಗೆ. ಅದೇ ದಂಡಯಾತ್ರೆಯ ಹಾದಿಯಲ್ಲಿ ವಿಶಾಖಪಟ್ಟಣದ ಪಕ್ಕದ ಸಿಂಹಾಚಲಕ್ಕೂ ಹೋಗಿದ್ದ. ಅಲ್ಲಿ ಅವನ ಶಾಸನವಿದೆ. ಸಿಂಹಾಚಲದ ದೇವರೋ ಹಂದಿ ಮತ್ತು ಸಿಂಹ ಎರಡೂ ಒಂದೇ ಮೈಯಲ್ಲಿ ಸೇರಿದ ವರಾಹ ಲಕ್ಷ್ಮೀನರಸಿಂಹ; ವರ್ಷವಿಡೀ ಗಂಧದ ಹೊದಿಕೆಯಲ್ಲಿದ್ದು ಅಕ್ಷಯ ತದಿಗೆಯಂದು ಮಾತ್ರ ನಿಜರೂಪ ತೋರಿಸುತ್ತಾನೆ. ನಾಗಲಾಪುರ, ಕೊಂಡಪಲ್ಲಿ, ಸಿಂಹಾಚಲ, ಮೂರಕ್ಕೂ ಒಬ್ಬನೇ ರಾಯ! ಮೂರನ್ನೂ ಒಂದು ದಾರದಲ್ಲಿ ಪೋಣಿಸಿ ಕೊಂಡಪಲ್ಲಿಯ ಗೊಂಬೆಗೆ ವಿಜಯನಗರದ ಶಿಲ್ಪವೇ ಮಾದರಿ ಎಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಸ್ಥಳೀಯ ಇತಿಹಾಸದ ಎಷ್ಟೋ ಪುಸ್ತಕಗಳು ನಿಂತಿರುವುದೇ ಇಂಥ ಆಸೆಯ ಮೇಲೆ. ಈ ದಾಖಲೆಗಳಿಂದ ಹಿಡಿದು ಹೇಳಬಹುದಾದದ್ದು ಇಷ್ಟು: 16ನೆಯ ಶತಮಾನದ ಹೊತ್ತಿಗೆ ತೆಲುಗು ನಾಡಿನಲ್ಲಿ ಮತ್ಸ್ಯ ಅರ್ಧ ಮನುಷ್ಯನಾಗಿ ಗರ್ಭಗುಡಿಯಲ್ಲೇ ನಿಂತಾಗಿತ್ತು, ಗೊಂಬೆ ಮಾಡುವವರ ಕಣ್ಣಿಗೆ ಆ ರೂಪ ಹೊಸದಾಗಿರಲಿಲ್ಲ.

ವಿಜಯವಾಡದಿಂದ ಹೈದರಾಬಾದಿನ ದಿಕ್ಕಿಗೆ ಸುಮಾರು 20 ಕಿಲೊಮೀಟರ್ ಹೋದರೆ ಕೊಂಡಪಲ್ಲಿ. ಊರಿಗೆ ಮೊದಲೇ ಇಬ್ರಾಹಿಂಪಟ್ಟಣದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಹಿಂದೆ ಕಾಡುಬೆಟ್ಟ, ಬೆಟ್ಟದ ಮೇಲೆ ಕೋಟೆ. 14ನೆಯ ಶತಮಾನದ ರೆಡ್ಡಿ ದೊರೆಗಳಿಂದ ಗಜಪತಿಗಳು, ವಿಜಯನಗರ, ಕುತುಬ್‌ಶಾಹಿ, ಮೊಘಲರು, ಇಂಗ್ಲಿಷರು ಎಂದು ಕೈ ಬದಲಾದ ಕೋಟೆ. ದಾಖಲೆಗಳಲ್ಲಿ ಕೊಂಡಪಲ್ಲಿ ಎಂದು ಹುಡುಕಿದರೆ ಸಿಗುವುದೆಲ್ಲ ಈ ಕೋಟೆಯೇ: ಯಾರು ಮುತ್ತಿದರು, ಯಾರು ಬಿಟ್ಟುಕೊಟ್ಟರು. ಬೆಟ್ಟದ ಬುಡದಲ್ಲಿ ಮರ ಕೆತ್ತುತ್ತ ಕೂತವರ ಬಗ್ಗೆ ಬರೆಯಲು ಯಾವ ಆಸ್ಥಾನದ ಬರಹಗಾರನಿಗೂ ಸಂಬಳವಿರಲಿಲ್ಲ. ಹಾಗಾಗಿ ಗೊಂಬೆಯ ಇತಿಹಾಸವನ್ನು ಗೊಂಬೆಯಲ್ಲೇ ಓದಬೇಕು.

ಬೊಮ್ಮಲ ಕಾಲನಿ ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಬೀದಿಯ ಎರಡೂ ಕಡೆ ಮನೆ, ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಕೆಲಸದ ಜಾಗ. ನಾನು ಕೂತದ್ದು ಒಬ್ಬ ಹಿರಿಯ ಕುಶಲಕರ್ಮಿಯ ಹಿಂದಿನ ಕೋಣೆಯಲ್ಲಿ. ನನ್ನದು ಬಳ್ಳಾರಿಯ ತೆಲುಗು, ಅವರದು ಕೃಷ್ಣಾ ತೀರದ್ದು; ನಾನು ‘ಬಾಬಾಯ್’ ಎಂದೆ, ಅವರು ಕೊನೆಯವರೆಗೂ ‘ಸಾರ್’ ಬಿಡಲಿಲ್ಲ. ಇಲ್ಲಿನ ಗೊಂಬೆಗಾರರು ತಮ್ಮನ್ನು ಆರ್ಯಕ್ಷತ್ರಿಯರು ಎಂದು ಕರೆದುಕೊಳ್ಳುತ್ತಾರೆ. ರಾಜಸ್ಥಾನದ ಕಡೆಯಿಂದ ಬಂದವರು, ಶಿವನಿಂದ ಕಲೆಯ ವರ ಪಡೆದ ಮುಕ್ತ ಋಷಿ ಮೂಲಪುರುಷ ಎನ್ನುವುದು ಅವರಲ್ಲಿ ನಡೆದುಬಂದ ಮಾತು.

ಮರ ತೆಲ್ಲ ಪೊಣಿಕಿ. ಬಿಳಿ ಬಣ್ಣ, ಕೈಗೆ ಎತ್ತಿಕೊಂಡರೆ ತೂಕವೇ ಇಲ್ಲ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. ನಿರ್ಮಲದ ಗೊಂಬೆಗಳಿಗೂ ಇದೇ ಜಾತಿಯ ಮರ. ಸುತ್ತಲಿನ ಕಾಡಿನಿಂದ ಬರುತ್ತಿದ್ದದ್ದು ಈಗ ಮೊದಲಿನಷ್ಟು ಸಿಗುವುದಿಲ್ಲ. ಕಡಿದ ಮರದ ಪಸೆ ಹೋಗುವಂತೆ ಸಣ್ಣ ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆ. ಬಾಚಿ, ಉಳಿ, ಅರ, ಇಷ್ಟೇ ಆಯುಧ. ಅಂಟಿಸುವುದಕ್ಕೆ ಮಕ್ಕು: ಹುಣಸೆ ಬೀಜದ ಹಿಟ್ಟನ್ನು ಕುದಿಸಿ, ಮರದ ಹೊಟ್ಟು ಕಲಸಿದ ಕಣಕ. ಅದು ಅಂಟೂ ಹೌದು, ಮಾಂಸವೂ ಹೌದು. ಮೂಗು, ಕೆನ್ನೆ, ಒಡವೆಯ ಉಬ್ಬು ಎಲ್ಲ ಅದರಲ್ಲೇ. ಒಣಗಿದ ಮೇಲೆ ಸುಣ್ಣದ ಬಿಳಿ ಲೇಪ, ಅದರ ಮೇಲೆ ಬಣ್ಣ. ಆಡಿನ ಕೂದಲಿನ ಸಣ್ಣ ಕುಂಚ ಹಿಡಿದು ಕಣ್ಣು ಬರೆಯುತ್ತಿದ್ದವರು ಮನೆಯ ಹೆಂಗಸರು.

ಹತ್ತು ಅವತಾರಗಳ ಒಂದು ಸೆಟ್ಟು ಅರ್ಧ ಕೆಲಸದಲ್ಲಿತ್ತು. ಅಲ್ಲಿ ನನ್ನ ಪ್ರಶ್ನೆಗೆ ಉತ್ತರ ನೆಲದ ಮೇಲೆಯೇ ಹರಡಿಕೊಂಡಿತ್ತು. ಒಂದು ಕಡೆ ಮುಂಡಗಳ ಸಾಲು, ಒಂದರಂತೆ ಇನ್ನೊಂದು, ಕೈ ಇಲ್ಲದವು. ಇನ್ನೊಂದು ಕಡೆ ಕೈಗಳ ರಾಶಿ. ಮತ್ತೊಂದು ಕಡೆ ಕಾಲುಗಳು, ಅವುಗಳ ಪಕ್ಕ ಒಂದು ಮೀನು, ಒಂದು ಆಮೆ. ಕೊಂಡಪಲ್ಲಿಯಲ್ಲಿ ಗೊಂಬೆಯನ್ನು ಒಂದೇ ತುಂಡಿನಲ್ಲಿ ಬಿಡಿಸುವುದಿಲ್ಲ. ಭಾಗಗಳನ್ನು ಬೇರೆ ಬೇರೆ ಕೆತ್ತಿ ಮಕ್ಕಿನಿಂದ ಜೋಡಿಸುತ್ತಾರೆ. ಮುಂಡವೊಂದನ್ನು ಮೀನಿನ ಮೇಲಿಟ್ಟರೆ ಮತ್ಸ್ಯ, ಆಮೆಯ ಮೇಲಿಟ್ಟರೆ ಕೂರ್ಮ, ತಲೆ ಬದಲಿಸಿದರೆ ವರಾಹ ಇಲ್ಲವೇ ನರಸಿಂಹ.

“ಬರೀ ಮೀನು ಮಾಡಿ ಇಟ್ಟರೆ ಆಗಲ್ಲವಾ ಬಾಬಾಯ್?” ಎಂದೆ.

“ಯಾಕೆ ಆಗಲ್ಲ, ಅದು ಇನ್ನೂ ಸುಲಭ. ಆದರೆ ಬೊಮ್ಮಲ ಕೊಲುವಲ್ಲಿ ಇಟ್ಟಾಗ ಒಂಬತ್ತು ದೇವರು ಒಂದು ಮೀನು ಆಗುತ್ತಲ್ಲ ಸಾರ್. ಎತ್ತರ ಒಂದೇ ಸಮ ಇರಬೇಕು. ಎಲ್ಲರಿಗೂ ಮುಖ ಇರಬೇಕು.”

“ಕೊಂಬು?”

“ಯಾವ ಕೊಂಬು?”

ಕತೆ ಹೇಳಿದೆ. ಅವರಿಗೆ ಗೊತ್ತಿದ್ದದ್ದು ವೇದ ಕದ್ದ ರಾಕ್ಷಸನನ್ನು ಕೊಂದ ಮೀನಿನ ಕತೆ, ಹಡಗಿನದ್ದಲ್ಲ. ಆ ಕತೆಯಲ್ಲಿ ಎಳೆಯುವ ಕೆಲಸವಿಲ್ಲ, ಹಾಗಾಗಿ ಕೊಂಬೂ ಬೇಕಾಗಿಲ್ಲ. ಬೇಕಾದದ್ದು ಚಕ್ರ ಹಿಡಿಯಲು ಕೈ. ಬಾಬಾಯ್ ಒಂದೇ ಮಾತಿನಲ್ಲಿ ಹೇಳಿದ್ದು ನನಗೆ ಗ್ರಂಥಾಲಯದಲ್ಲಿ ಹೊಳೆದಿರಲಿಲ್ಲ. ಸಂಕ್ರಾಂತಿಗೆ ಆಂಧ್ರದವರು, ದಸರೆಗೆ ನಾವು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ಆ ಸಾಲಿನಲ್ಲಿ ಕೂರುವ ಯಾವುದಕ್ಕೂ ಅಡ್ಡ ಮಲಗುವ ಹಕ್ಕಿಲ್ಲ. ಮೀನು ಎದ್ದು ನಿಲ್ಲಬೇಕು. ಬಾಲದ ಮೇಲೆ ನಿಂತ ಮೀನಿಗೆ ಮುಖ ಎದುರಿಗೆ ಬರಬೇಕಾದರೆ ಅದು ಮನುಷ್ಯನ ಮುಖವೇ ಆಗಬೇಕು. ಗರ್ಭಗುಡಿಯ ಲೆಕ್ಕವೂ ಇದೇ: ದರ್ಶನಕ್ಕೆ ಬಂದವರನ್ನು ದೇವರು ತಿರುಗಿ ನೋಡಬೇಕು, ಕೈ ಎತ್ತಿ ಅಭಯ ಕೊಡಬೇಕು.

ಲೇತಿನ ಊರುಗಳಲ್ಲಿ ಈ ಗೊಂಬೆ ಹೀಗೆ ಹುಟ್ಟಲಾರದು. ವಿಶಾಖಪಟ್ಟಣದ ಈಚೆ, ಈಗಿನ ಅನಕಾಪಲ್ಲಿ ಜಿಲ್ಲೆಯಲ್ಲಿ ವರಾಹಾ ನದಿಯ ದಡದ ಏಟಿಕೊಪ್ಪಾಕದಲ್ಲಿ ಮರ ತಿರುಗುತ್ತದೆ, ಉಳಿ ನಿಂತಿರುತ್ತದೆ. ನಮ್ಮ ಚನ್ನಪಟ್ಟಣದಲ್ಲೂ ಹಾಗೆಯೇ. ಎರಡೂ ಕಡೆ ಮರವೂ ಒಂದೇ, ಅವರು ಅಂಕುಡು ಎನ್ನುತ್ತಾರೆ, ನಾವು ಆಲೆ ಮರ ಎನ್ನುತ್ತೇವೆ. ಬಣ್ಣವೂ ಒಂದೇ, ಅರಗಿನದು. ತಿರುಗುವ ಮರದಿಂದ ಬರುವುದು ಬುಗುರಿ, ಗಿಲಕಿ, ಕುಂಕುಮದ ಭರಣಿ, ಉರುಟು ಹೊಟ್ಟೆಯ ರಾಜ ರಾಣಿ. ನಾಲ್ಕು ಕೈಯ ಮೀನು ಅಲ್ಲಿ ಎದುರು ನಿಂತು ವಾದ ಮಾಡಬೇಕಾಗುತ್ತದೆ. 2020ರ ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಚನ್ನಪಟ್ಟಣ, ಕೊಂಡಪಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದರು, ಅದೇ ಮಾತಿನ ಓಟದಲ್ಲಿ ನಮ್ಮ ನೆಲದ ಕಲ್ಪನೆಗಳಿಂದ ಕಂಪ್ಯೂಟರ್ ಗೇಮು ಮಾಡಿ ಎಂದೂ ಹೇಳಿದರು. ಆಟಿಕೆಯಿಂದ ಗೇಮಿಗೆ ಅಷ್ಟು ಸಲೀಸಾಗಿ ಜಿಗಿಯಬಹುದೇ ಎಂದು ಆಗ ನನಗೆ ಅನುಮಾನ ಬಂದಿತ್ತು. ನಡುವೆ ಒಂದು ಮೆಟ್ಟಿಲಿದೆ. ಅದು ಇರುವುದು ಮೈಸೂರಿನಲ್ಲಿ.

ಗಂಜೀಫಾ ಎಂಬ ಇಸ್ಪೀಟನ್ನು ಮೊಘಲರು ತಂದರು. 1527ರಲ್ಲಿ ಸಿಂಧ್‌ನ ಷಾ ಹಸನ್‌ ಕೇಳಿದ್ದಕ್ಕೆ ಒಂದು ಕಟ್ಟು ಕಳಿಸಿದೆನೆಂದು ಬಾಬರ್ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಅವರದು ಎಂಟು ಬಣ್ಣ, ತೊಂಬತ್ತಾರು ಎಲೆ. ಈ ನೆಲಕ್ಕೆ ಬಂದ ಮೇಲೆ ಅದು ದಶಾವತಾರ ಗಂಜೀಫಾ ಆಯಿತು: ಹತ್ತು ಬಣ್ಣ, ಬಣ್ಣಕ್ಕೆ ಹನ್ನೆರಡರಂತೆ ನೂರಿಪ್ಪತ್ತು ದುಂಡನೆಯ ಎಲೆಗಳು. ಒಂದರಿಂದ ಹತ್ತು, ಮೇಲೆ ಮಂತ್ರಿ, ಅದಕ್ಕೂ ಮೇಲೆ ರಾಜ. ಮತ್ಸ್ಯದ ಬಣ್ಣದ ಗುರುತು ಮೀನು. ಏಳರ ಎಲೆಯಲ್ಲಿ ಏಳು ಮೀನು, ಒಂದರ ಎಲೆಯಲ್ಲಿ ಒಂದೇ. ರಾಜನ ಎಲೆಯಲ್ಲಿ ಮಾತ್ರ ಮೀನಿನ ಬಾಯಿಂದ ಎದ್ದು ಬರುವ ನಾಲ್ಕು ಕೈಯ ದೇವರು. ಒಂದೇ ಬಣ್ಣದೊಳಗೆ ಎರಡು ರೂಪವೂ ಸಿಕ್ಕವು! ಅಗ್ನಿಪುರಾಣದ ಬರೀ ಮೀನು ಅಂಕಿಯಾಗಿ, ನಾಗಲಾಪುರದ ಅರ್ಧ ಮನುಷ್ಯ ರಾಜನಾಗಿ.

ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟದ ಹುಚ್ಚು ಹಿಡಿದಿತ್ತು. ಅವರ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದು ವಿಷ್ಣುನಿಧಿ, ಕೊನೆಯದು ಕೌತುಕನಿಧಿ. ಕೌತುಕನಿಧಿಯಲ್ಲಿ ಅವರೇ ಹೆಣೆದ ಛದ ಎಂಬ ಎಲೆಯಾಟಗಳು ಬರುತ್ತವೆ. ಹಳೆಯ ಆಟಕ್ಕೆ ಹೊಸ ಬಣ್ಣ, ಹೊಸ ದರ್ಜೆ ಸೇರಿಸಿ ದೇವಾನುದೇವತೆಗಳನ್ನೆಲ್ಲ ಆಟಕ್ಕೆ ಇಳಿಸಿದರು. ದೇವರ ಲಕ್ಷಣವನ್ನೂ ಆಟದ ನಿಯಮವನ್ನೂ ಒಂದೇ ಗ್ರಂಥದಲ್ಲಿ ಇಟ್ಟ ದೊರೆ! ಈ ಎಲೆಗಳ ಬೆನ್ನು ಹತ್ತಿ ರುಡಾಲ್ಫ್ ಫಾನ್ ಲೇಡನ್ ಎಂಬ ಸಂಗ್ರಾಹಕ 1973ರಲ್ಲಿ ಮೈಸೂರಿನ ಛದದ ಬಗ್ಗೆಯೇ ಒಂದು ಪುಸ್ತಕ ಬರೆದ. ನಮ್ಮ ಕಾಲದಲ್ಲಿ ಆ ಚಿತ್ರಕಲೆಯನ್ನು ಮೈಸೂರಿನಲ್ಲಿ ಮತ್ತೆ ಕೈಗೆತ್ತಿಕೊಂಡವರು ಗಂಜೀಫಾ ರಘುಪತಿ ಭಟ್ಟರು.

ಆಟದ ನಿಯಮದಲ್ಲಿ ಒಂದು ಸೊಗಸಿದೆ. ಹಗಲು ಆಡುವಾಗ ರಾಮನ ರಾಜ ಕೈಯಲ್ಲಿರುವವನು ಮೊದಲು ಇಳಿಯಬೇಕು, ರಾತ್ರಿಯಾದರೆ ಕೃಷ್ಣನ ರಾಜ. ಅಲ್ಲದೆ ಹತ್ತರಲ್ಲಿ ಅರ್ಧ ಬಣ್ಣಗಳಿಗೆ ಅಂಕಿಗಳ ಬಲ ತಿರುಗುಮುರುಗು: ಐದು ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದೇ ದೊಡ್ಡದು. ಚಿಕ್ಕದು ದೊಡ್ಡದನ್ನು ಹೊಡೆಯುವ ಈ ಏರ್ಪಾಡಿನಲ್ಲಿ ಮನುವಿನ ಬೊಗಸೆಯ ಮೀನು ಕಂಡಂತಾಯಿತು. ಕಂಡದ್ದೇ ತಡ, ಒಂದು ಕೊರತೆಯೂ ಕಂಡಿತು. ಎಲೆಯ ಮೇಲಿನ ಒಂದು ಮೀನು ಎಂದೆಂದಿಗೂ ಒಂದೇ ಮೀನು. ಕತೆಯ ಜೀವ ಇದ್ದದ್ದು ಕೊಂಬಿನಲ್ಲಿ ಅಲ್ಲ, ದೇವರಲ್ಲೂ ಅಲ್ಲ. ಗಡಿಗೆ ಸಾಲದಾಯಿತು, ಗುಂಡಿ ಸಾಲದಾಯಿತು ಎನ್ನುವ ಆ ಬೆಳೆಯುವಿಕೆಯಲ್ಲಿ. ಕಲ್ಲಿಗೆ ಅದು ಆಗಲಿಲ್ಲ, ಮರಕ್ಕೆ ಆಗಲಿಲ್ಲ, ಕಾಗದಕ್ಕೂ ಆಗಲಿಲ್ಲ. ಮೂರೂ ಬೆಳೆದು ಮುಗಿದ ಮೀನನ್ನು ಮಾತ್ರ ತೋರಿಸಿದವು, ಅದಕ್ಕೊಂದು ಕಿರೀಟ ಇಟ್ಟವು. ನಾನು ಹುಡುಕಬೇಕಾದದ್ದು ಕಳೆದುಹೋದ ಕೊಂಬನ್ನಲ್ಲ, ಕಳೆದುಹೋದ ಬೆಳವಣಿಗೆಯನ್ನು ಎಂದು ತಿಳಿದದ್ದು ಆಗ.

ಅದು ಸಿಕ್ಕಿದ್ದು ಅಕ್ಕನ ಮಗನ ಹಳೆಯ ಪೊಕೆಮಾನ್ ಎಲೆಗಳ ಡಬ್ಬಿಯಲ್ಲಿ. ದಶಾವತಾರದ ಎಲೆಗಳನ್ನು ನೋಡಿ ಬಂದ ಕಣ್ಣಿಗೆ ಡಬ್ಬಿಯ ಮೇಲಿನ ಕೆಂಪು ಮೀನು ಸುಮ್ಮನೆ ಬಿಡಲಿಲ್ಲ: ಬಾಯಿ ತೆರೆದು ದಿಗಿಲು ಬಿದ್ದಂತೆ ನೋಡುವ ಕಣ್ಣು, ಎರಡು ಮೀಸೆ, ಬೆನ್ನ ಮೇಲೆ ಕಿರೀಟದಂಥ ಹಳದಿ ರೆಕ್ಕೆ. “ಅದು ಮ್ಯಾಜಿಕಾರ್ಪ್ ಮಾವ, ವೇಸ್ಟು” ಎಂದ. ಸ್ವಲ್ಪ ತಡೆದು, “ಆದರೆ ಬಿಸಾಕಬಾರದು” ಎಂದ.

ಸತೋಶಿ ತಾಜಿರಿ ಕಟ್ಟಿದ ಗೇಮ್ ಫ್ರೀಕ್ ಸಂಸ್ಥೆ ನಿಂಟೆಂಡೊದ ಗೇಮ್ ಬಾಯ್ ಯಂತ್ರಕ್ಕಾಗಿ ಮಾಡಿದ ಮೊದಲ ಪೊಕೆಮಾನ್ ಆಟಗಳು ಜಪಾನಿನಲ್ಲಿ ಹೊರಬಂದದ್ದು 1996ರ ಫೆಬ್ರವರಿ 27ರಂದು. ತಾಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಸಾಕುತ್ತಿದ್ದವರು. ಆಟವೂ ಅದೇ, ಹಿಡಿಯುವುದು, ಸಾಕುವುದು, ಕಾದಾಡಿಸುವುದು. ಮೊದಲ 151 ಪ್ರಾಣಿಗಳಲ್ಲಿ ಮ್ಯಾಜಿಕಾರ್ಪ್ 129ನೆಯದು. ಆಟದ ಶುರುವಿನಲ್ಲೇ ಒಬ್ಬ ವ್ಯಾಪಾರಿ ಅಡ್ಡಗಟ್ಟಿ ಅಪರೂಪದ ಮೀನೆಂದು ಹೊಗಳಿ 500 ನಾಣ್ಯಕ್ಕೆ ತಲೆಗೆ ಕಟ್ಟುತ್ತಾನೆ. ತಂದು ಕಣಕ್ಕೆ ಬಿಟ್ಟರೆ ಅದಕ್ಕೆ ಬರುವುದು ಒಂದೇ ವಿದ್ಯೆ, ನೆಗೆದು ನೀರು ಚಿಮ್ಮಿಸುವುದು. ಎದುರಾಳಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಆಟದೊಳಗಿನ ಪ್ರಾಣಿಕೋಶವೂ ಅದನ್ನು ಗೇಲಿ ಮಾಡುತ್ತದೆ: ಬಹಳ ಹಿಂದಿನ ಅದರ ಪೂರ್ವಜರು ಈಗಿನವಕ್ಕಿಂತ ಸ್ವಲ್ಪ ಗಟ್ಟಿಯಾಗಿದ್ದವಂತೆ.

ಸಾಕುವುದೇ ಅದರ ಪರೀಕ್ಷೆ. ಕಾಳಗದ ಮೊದಲಿಗೆ ಅದನ್ನು ಇಳಿಸಬೇಕು, ಪೆಟ್ಟು ಬೀಳುವ ಮುಂಚೆ ಹಿಂದಕ್ಕೆ ಕರೆದು ಬೇರೊಂದನ್ನು ಕಳಿಸಬೇಕು, ಗೆದ್ದಾಗ ಅನುಭವದ ಪಾಲನ್ನು ಇದಕ್ಕೂ ಕೊಡಿಸಬೇಕು. ದೊಡ್ಡವು ನುಂಗದಂತೆ ಗಡಿಗೆಯಲ್ಲಿಟ್ಟು ಕಾಯುವ ಕೆಲಸವೇ ಇದು. ಹದಿನೈದನೆಯ ಹಂತದಲ್ಲಿ ಮೈಮೇಲೆ ಬಿದ್ದು ಗುದ್ದುವುದೊಂದನ್ನು ಕಲಿಯುತ್ತದೆ. ಇಪ್ಪತ್ತಕ್ಕೆ ಬಂದಾಗ ತೆರೆ ಮಿಣುಕಿ, ಕೆಂಪು ಮೀನು ಹೋಗಿ 130ನೆಯ ಪ್ರಾಣಿ ಎದ್ದು ನಿಲ್ಲುತ್ತದೆ: ಗ್ಯಾರಡಾಸ್, ನೀಲಿ ಮೈಯ ಕಡಲಹಾವು, ಸಿಟ್ಟು ಬಂದರೆ ಊರುಗಳನ್ನೇ ಹಾಳುಗೆಡಹುವುದು. ಅರ್ಧಕ್ಕೇ ಬೇಸತ್ತು ಕೈಬಿಟ್ಟವರಿಗೆ ಅದು ಕಾಣಸಿಗುವುದಿಲ್ಲ. 2017ರಲ್ಲಿ ಮೊಬೈಲಿಗೆ ಬಂದ ‘ಮ್ಯಾಜಿಕಾರ್ಪ್ ಜಂಪ್’ ಎಂಬ ಆಟದಲ್ಲಂತೂ ಕಾಳಗವನ್ನೂ ಬಿಟ್ಟು, ಕೊಳದಲ್ಲಿ ಮೀನು ಸಾಕಿ ಮೇವು ಹಾಕಿ ಎಷ್ಟೆತ್ತರ ನೆಗೆಯುತ್ತದೆಂದು ನೋಡುವುದೇ ಆಟ.

ಮನುವಿನ ಮೀನು ಹಡಗು ಹತ್ತಿ ಜಪಾನಿಗೆ ಹೋಯಿತು ಎಂದು ನಾನು ಹೇಳುತ್ತಿಲ್ಲ. ಮ್ಯಾಜಿಕಾರ್ಪಿಗೆ ಅದರದೇ ಮನೆತನವಿದೆ. ಹಳದಿ ನದಿಯ ‘ನಾಗದ್ವಾರ’ದ ಸೆಳವಿಗೆದುರಾಗಿ ಈಜಿ ಮೇಲಕ್ಕೆ ನೆಗೆದ ಕಾರ್ಪ್ ಮೀನು ಡ್ರ್ಯಾಗನ್ ಆಗುತ್ತದೆ ಎನ್ನುವುದು ಚೀನಾದ ಹಳೆಯ ಕತೆ. ಅದು ಜಪಾನಿಗೆ ದಾಟಿ, ಮೇ 5ರ ಮಕ್ಕಳ ಹಬ್ಬಕ್ಕೆ ಮನೆಮನೆಯ ಗಳುವಿನ ಮೇಲೆ ಬಟ್ಟೆಯ ಕಾರ್ಪ್ ಮೀನುಗಳು ಹಾರುತ್ತವೆ. ಗೇಮಿನ ಮೀನಿಗೆ ಬರೀ ನೆಗೆಯುವ ವಿದ್ಯೆ ಬಂದದ್ದೂ ಅಲ್ಲಿಂದಲೇ ಇರಬೇಕು. ಎರಡು ಕತೆಗೂ ಒಂದು ವ್ಯತ್ಯಾಸವಿದೆ: ಚೀನಾದ ಮೀನು ತಾನೇ ಹೆಣಗಿ ಮೇಲೇರುತ್ತದೆ, ಮನುವಿನದನ್ನು ಇನ್ನೊಬ್ಬರು ಸಾಕಬೇಕು. ಗೇಮು ನೆಗೆತವನ್ನು ಮೊದಲನೆಯದರಿಂದ ಪಡೆದಿದೆ. ಸಾಕಣೆಯ ವಿಷಯದಲ್ಲಿ ಮಾತ್ರ, ತನಗೆ ಅರಿವಿಲ್ಲದೆಯೇ, ಶತಪಥದ ಪಕ್ಕಕ್ಕೆ ಬಂದು ನಿಂತಿದೆ. ಕಿರೀಟವಿಟ್ಟುಕೊಂಡು ನಿಂತ ನಮ್ಮ ಗೊಂಬೆಗಿಂತ ಅದು ಆ ಹಳೆಯ ಕತೆಗೆ ಹತ್ತಿರ. ಗೇಮಿನೊಳಗೆ ಕಾಲ ಓಡುತ್ತದೆ, ಆಡುವವನ ಗಂಟೆಗಳು ಅದಕ್ಕೆ ಆಹಾರ. ಗೊಂಬೆಗೆ ಆ ಸೌಕರ್ಯವಿಲ್ಲ.

ಇಲ್ಲವೇ ಇಲ್ಲವೇ? ಅದನ್ನು ತಿಳಿದವರನ್ನೇ ಕೇಳೋಣವೆಂದು ಮ್ಯಾಜಿಕಾರ್ಪ್, ಗ್ಯಾರಡಾಸ್ ಎರಡರ ಚಿತ್ರಗಳನ್ನೂ ಕೊಂಡಪಲ್ಲಿಯ ಬಾಬಾಯ್‌ಗೆ ವಾಟ್ಸಾಪಿನಲ್ಲಿ ಕಳಿಸಿದೆ. ಮಾರುವುದಕ್ಕಲ್ಲ (ನಿಂಟೆಂಡೊದವರ ವಕೀಲರು ಬೊಮ್ಮಲ ಕಾಲನಿಗೆ ಬರುವುದು ನನಗೆ ಬೇಡ), ಆಗುತ್ತದೆಯೇ ಎಂದು ಹೇಳಿದರೆ ಸಾಕು ಎಂದೆ. ಸಂಜೆ ಫೋನು ಬಂತು.

“ಕೆಂಪು ಮೀನು ಒಂದೇ ತುಂಡು ಸಾರ್, ರೆಕ್ಕೆ ಮಾತ್ರ ಅಂಟಿಸಬೇಕು. ನಿಲ್ಲೋದಕ್ಕೆ ಪೀಠ ಬೇಕು. ಹಾವಿನ ಮೈ ತಿರುಚಿಕೊಂಡಿದೆ, ಮೂರು ನಾಲ್ಕು ತುಂಡು ಆಗುತ್ತೆ. ಎರಡೂ ಬೇರೆ ಬೇರೆ ತಾನೆ?”

“ಬೇರೆ ಅಲ್ಲ ಬಾಬಾಯ್, ಎರಡೂ ಒಂದೇ. ಚಿಕ್ಕದು ಬೆಳೆದು ದೊಡ್ಡದಾಗುತ್ತೆ.”

ಆ ಕಡೆ ಸ್ವಲ್ಪ ಹೊತ್ತು ಅರದ ಸದ್ದು.

“ಹಾಗಾದರೆ ಜೊತೆಯಾಗೇ ಮಾಡಬೇಕು, ಒಂದೇ ಪೀಠದ ಮೇಲೆ. ಆದರೆ ಒಂದು ಕೆಂಪು, ಒಂದು ನೀಲಿ. ಒಂದೇ ಮೀನು ಅಂತ ನೋಡಿದವರಿಗೆ ಗೊತ್ತಾಗೋದು ಹೇಗೆ?” ಮತ್ತೆ ಚಿತ್ರ ನೋಡಿಕೊಂಡರೆಂದು ಕಾಣುತ್ತದೆ. “ಮೀಸೆ ಎರಡಕ್ಕೂ ಇದೆಯಲ್ಲ. ತಂತಿ ಹಾಕಿ, ಎರಡಕ್ಕೂ ಒಂದೇ ಬಣ್ಣ ಕೊಡ್ತೀನಿ.”